ಮೂಗಿನ ಸಂಬಳ

ಇಪ್ಪತ್ತಾರು ವರ್ಷ, ಟೇಕಲ್ ಹತ್ತಿರ ನಮ್ಮೂರ ಡೈರಿಯಲ್ಲಿ
ಕ್ಯಾನಿನ ಮುಚ್ಚಳ ತೆಗೆದು ಮೂಗಿಟ್ಟವನು ನಾನು.
ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ.
ಲ್ಯಾಕ್ಟೋಮೀಟರು ಆಮೇಲೆ, ಮೊದಲು ಮೂಗು.
ಹಸು ಯಾವ ಬೇಲಿ ಮೇಯ್ತು,
ಕ್ಯಾನು ಯಾವ ಸೋಪಲ್ಲಿ ತೊಳೆದರು,
ಕರು ಹಾಕಿ ಎಷ್ಟು ದಿನ,
ಮೂಗು ಹೇಳುತ್ತೆ, ನಾನು ಬರೀ ಬಾಯಿ ಬಿಡುತ್ತೇನೆ:
ಸರಿ. ಸರಿ. ಸರಿ. ವಾಪಸ್.

ಹೀಗಿರುವಾಗ ರಾಬರ್ಟ್‌ಸನ್‌ಪೇಟೆಯ ಫ್ಲಾರೆನ್ಸ್ ಅನ್ನೋ ಹುಡುಗಿ
ಮೊಳಕೆ ಕಟ್ಟಲು ರಾಗಿ ಹುಡುಕಿಕೊಂಡು ಬಂದವಳು
ನಾನು ಮೂಗಿಡುವುದನ್ನು ಕಂಬಕ್ಕೊರಗಿ ನೋಡಿ
"ಪಿಳ್ಳಪ್ಪನೋರೇ, ಶನಿವಾರ ಬರ್ತೀರಾ?" ಅಂದಳು.

ನರಸಾಪುರದ ರಸ್ತೆಯಲ್ಲಿ ಅವಳ ಬಿಯರಿನ ಷೆಡ್ಡು.
ನಮ್ಮ ಬಲ್ಕ್ ಕೂಲರಿನ ದಾಯಾದಿಗಳಂಥ
ಸ್ಟೀಲ್ ಹಂಡೆಗಳು ಸಾಲಾಗಿ ನಿಂತಿದ್ದವು.
"ತಾತ ಚಿನ್ನದ ಗಣಿಗೆ ಇಳಿದೋರು," ಅಂದಳು,
"ನಾನು ಇಳಿಯೋದು ಹಂಡೆ ತೊಳೆಯೋಕೆ."

ಐದು ಪುಟ್ಟ ಲೋಟ, ಒಂದು ನೋಟ್‌ಬುಕ್ಕು, ಒಂದು ಪೆನ್ನು.
ಪಕ್ಕದಲ್ಲಿ ಬೇರೆ ಇಬ್ಬರು ರುಚಿಗಾರರು
ಲೋಟ ತಿರುಗಿಸಿ, ಬೆಳಕಿಗೆ ಹಿಡಿದು
ಕ್ಯಾರಮೆಲ್ ಅಂದರು, ಪೈನ್ ಅಂದರು, ಒದ್ದೆ ಕಂಬಳಿ ಅಂದರು.
ಪೈನ್ ಮರ ನಾನು ಕಂಡಿಲ್ಲ. ಒದ್ದೆ ಕಂಬಳಿ ಗೊತ್ತು,
ಅದನ್ನು ಹೊಗಳಬಹುದು ಅಂತ ಗೊತ್ತಿರಲಿಲ್ಲ.

ನಾನು ಬರೆದೆ:
ಒಂದನೆಯದು, ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿಗೆ
ಎರಡನೇ ದಿನ ಬಾಲ ಬಂದಾಗಿನ ವಾಸನೆ.
ನೊರೆ ನಿಲ್ಲಲ್ಲ, ಮನಸ್ಸಿಲ್ಲದೆ ಕರೆದ ಹಾಲಿನ ಹಾಗೆ.
ಎರಡನೆಯದು, ಕಹಿ ತಡವಾಗಿ ಬರುತ್ತೆ,
ಹಿಂದಿನಿಂದ ಬಂದು ಭುಜ ತಟ್ಟುತ್ತೆ, ಸಾಲ ಕೇಳಲ್ಲ.
ಮೂರನೆಯದು ಮಾವಿನದು ಅಂತೆ.
ಶ್ರೀನಿವಾಸಪುರದ ಮಂಡಿಯಲ್ಲಿ ಸಂಜೆ,
ಬುಟ್ಟಿಯ ತಳದಲ್ಲಿ ಉಳಿದ ಹುಲ್ಲು.
ಹಣ್ಣು ಇತ್ತು, ಹೋಗಿದೆ. ನನಗೆ ಇದು ಇಷ್ಟ.

ನಾಲ್ಕನೆಯದಕ್ಕೆ ಮೂಗಿಟ್ಟೆ.
ಅಭ್ಯಾಸಬಲ, ಬಾಯಿಂದ ಬಿತ್ತು: ವಾಪಸ್.

ಷೆಡ್ಡು ಒಂದು ಗಳಿಗೆ ಸುಮ್ಮನಾಯಿತು.
ಆಮೇಲೆ ಫ್ಲಾರೆನ್ಸ್ ನಕ್ಕಳು.
"ಅದು ಬೇಕಂತಲೇ ಹುಳಿ ಬರಿಸಿದ್ದು, ಪಿಳ್ಳಪ್ಪನೋರೇ,
ನಿಮ್ಮ ಮೊಸರಿನ ಕುಲದ್ದೇ ಹೆಪ್ಪು. ಮೂರು ವಾರ ಕಾದಿದೀನಿ.
ಎಲ್ಲಕ್ಕಿಂತ ಜಾಸ್ತಿ ರೇಟು ಇದಕ್ಕೇ."
ರುಚಿಗಾರರು ಕಣ್ಣು ಮುಚ್ಚಿ ಕುಡಿದು
ಹತ್ತಕ್ಕೆ ಒಂಬತ್ತು ಕೊಟ್ಟರು.

ಲೋಟ ಹಿಡಿದುಕೊಂಡೇ ಕೂತೆ.
ಹನ್ನೊಂದು ವರ್ಷದ ಹಿಂದೆ, ಧನುರ್ಮಾಸ,
ನೆಗಡಿ ಕಟ್ಟಿ ಮೂಗು ಮಣ್ಣಾಗಿತ್ತು.
ಯಾರಿಗೂ ಹೇಳಲಿಲ್ಲ.
ಮೂಗಿಗೇ ಸಂಬಳ ಕೊಡುವಾಗ ಹೇಳುವುದು ಹೇಗೆ?
ಅಂದಾಜಿನ ಮೇಲೆ ಮುಚ್ಚಳ ತೆಗೆಯುತ್ತಾ ಹೋದೆ,
ಸರಿ, ಸರಿ, ಸರಿ.
ಎಲ್ಲಾ ಸರಿ ಅಂದರೆ ಅನುಮಾನ ಬರುತ್ತೆ ಅಂತ
ಅಕ್ಕಯಮ್ಮನ ಕ್ಯಾನಿಗೆ ವಾಪಸ್ ಅಂದೆ.

ಏಳು ಲೀಟರು.
ಜಗಳ ಆಡಲಿಲ್ಲ ಆಕೆ. ಬಗ್ಗಿ ತಾನೇ ಮೂಸಿದಳು,
ನನ್ನ ಮುಖ ನೋಡಿದಳು, ಇನ್ನೊಂದು ಸಲ ಮೂಸಿದಳು.
ಕ್ಯಾನು ಸೊಂಟಕ್ಕೇರಿಸಿ ಹೋದಳು.
ಮಾರನೇ ದಿನ ಒಂದು ಚೊಂಬು ಗಟ್ಟಿ ಮೊಸರು
ತಂದು ನನ್ನ ಮೇಜಿನ ಮೇಲಿಟ್ಟು
"ಕಾಯಿಸಿದೆ, ಒಡೀಲಿಲ್ಲ" ಅಂದಳು. ಅಷ್ಟೇ.
ಅನ್ನಕ್ಕೆ ಕಲಸಿ ತಿಂದೆ.
ನೆಗಡಿಯಲ್ಲಿ ಅದರ ರುಚಿಯೂ ತಿಳಿಯಲಿಲ್ಲ.

"ನಾಲ್ಕನೆಯದಕ್ಕೆ ಏನೂ ಬರೀಲೇ ಇಲ್ವಲ್ಲ?"
ಫ್ಲಾರೆನ್ಸ್ ಪುಸ್ತಕ ಮುಂದೆ ತಳ್ಳಿದಳು.
ಇನ್ನೊಂದು ಗುಟುಕು ಬಾಯಲ್ಲಿಟ್ಟುಕೊಂಡೆ, ನುಂಗಲು ತಡ ಮಾಡಿದೆ.
ಹುಳಿ ದವಡೆಯ ಮೂಲೆಗೆ ಹೋಗಿ ಕೂತಿತು,
ಎದ್ದು ಹೋಗಲಿಲ್ಲ.
ಬರೆದೆ: ಒಡೆದಿಲ್ಲ.

ಐದನೆಯ ಲೋಟ ಹಾಗೇ ಉಳಿಯಿತು.
ಬಾಯಿಗೆ ಎರಡು ಏಲಕ್ಕಿ ಹಾಕಿಕೊಂಡು
ಮಾಲೂರಿನ ಬಸ್ಸು ಹತ್ತಿದೆ, ಆರಕ್ಕೆ ಡೈರಿ.
ಸಾಲಿನಲ್ಲಿ ಅಕ್ಕಯಮ್ಮ ಮೂರನೆಯವಳು.
ನಾನು ಕೈಹಾಕುವ ಮೊದಲೇ ಮುಚ್ಚಳ ತಾನೇ ತೆಗೆಯುತ್ತಾಳೆ,
ಹನ್ನೊಂದು ವರ್ಷದಿಂದ ಹೀಗೇ.
ಹಾಲು ನೋಡುವುದಿಲ್ಲ.
ನನ್ನ ಮೂಗು ನೋಡುತ್ತಾ ನಿಂತಿರುತ್ತಾಳೆ.