ಹದಿನೇಳನೇ ನಂಬರಿನ ಜಾಗ

ಮನೆ ಇಲ್ಲ ಅಂದುಕೊಳ್ಳಬೇಕು,
ಇದು ನನ್ನ ಕಸುಬಿನ ಮೊದಲ ನಿಯಮ.
ಐಡಹೋ ಕಾಡಿನ ಈ ಕೆರೆಯಂಚಿನಲ್ಲಿ
ಐಲಿ ಕಂಗಾಸಳ ಎದುರಿಗೇ ನಿಂತು
ಅವಳ ಮನೆ ಇಲ್ಲ ಅಂದುಕೊಳ್ಳಬೇಕು.

ಅಜ್ಜ ಕಟ್ಟಿದ್ದು, ಮೂವತ್ತೊಂದನೇ ಇಸವಿ.
ದಿಮ್ಮಿ ಅವನದು, ಮೊಳೆ ಅವನದು,
ಚಿಮಣಿಗೆ ಹೊತ್ತು ತಂದ ಕಲ್ಲು ಯಾರದೆಂದು
ಆಗ ಯಾರೂ ಕೇಳಲಿಲ್ಲ.
ಅಡಿಯ ನೆಲ ಮಾತ್ರ ಸರ್ಕಾರದ್ದು,
ಅಂದರೆ ಎಲ್ಲರದು,
ಅಂದರೆ ವರ್ಷಕ್ಕೊಮ್ಮೆ ಬಾಡಿಗೆ:
ಬರಿಯ ನೆಲದ ಬೆಲೆಯಲ್ಲಿ ನೂರಕ್ಕೆ ಐದು.

ಬರಿಯ ನೆಲ!
ಹಾಗಾಗಿ ಅಳಿಸುತ್ತ ಹೋದೆ.
ಮೊದಲು ತಗಡಿನ ಸೂರು. ಆಮೇಲೆ
ಹಬೆಮನೆ, ಅದರ ಮಸಿ ಹಿಡಿದ ಬೆಂಚು,
ಕಾಫಿ ಡಬ್ಬಿಯ ತುಂಬ ಸೊಟ್ಟ ಮೊಳೆಗಳು,
ತಟ್ಟಿ ನೆಟ್ಟಗೆ ಮಾಡೋಣವೆಂದು
ಮೂರು ತಲೆಮಾರು ತೆಗೆದಿಟ್ಟವು.
ನನಗೆ ಕೂರಲು ಕೊಟ್ಟ ಸ್ಟೂಲನ್ನೂ ಅಳಿಸಿದೆ.
ಕೈಯಲ್ಲಿ ಲೋಟ ಉಳಿಯಿತು, ಬಿಸಿ ಬಿಸಿ.

ಪ್ಲಮ್ ಮರದ ಹತ್ತಿರ ಪೆನ್ನು ನಿಂತಿತು.
ನೆಟ್ಟದ್ದೋ, ಹುಟ್ಟಿದ್ದೋ?
'ಚಿಕ್ಕಮ್ಮ ಉಗುಳಿದ ಬೀಜ' ಎಂದಳು ಐಲಿ.
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಮಿಲ್ಲ.
ಅಟ್ಟದಲ್ಲಿ ಒಂದು ಅಳಿಲು ಓಡಾಡುತ್ತಿತ್ತು,
ಅಟ್ಟ ಅಳಿಸಿಯಾದ ಮೇಲೂ.

ಎದುರು ದಡ ಖಾಸಗಿ. ಅಲ್ಲೊಂದು ಜಾಗ
ಹೋದ ಬೇಸಿಗೆಯಲ್ಲಿ ಒಂಬತ್ತು ಲಕ್ಷ ಡಾಲರಿಗೆ ಹೋಯಿತು.
ಕೊಂಡವನು ಬಂದದ್ದು ಎರಡೇ ಸಲ.
ಆದರೂ ಅವನ ಚೆಕ್ಕಿನ ನೆರಳು ನೀರು ದಾಟಿ
ಇವಳ ಅಂಗಳಕ್ಕೆ ಬೀಳುತ್ತದೆ.
ಅದು ಎಷ್ಟು ಉದ್ದ ಎಂದು ಅಳೆದು ಹೇಳಿದರೆ
ನನಗೆ ಸಂಬಳ.

ಐಲಿ ಶಾಲೆಯ ಬಸ್ಸು ಓಡಿಸುತ್ತಾಳೆ.
ಸಂಬಳ ಕೇಳಲಿಲ್ಲ ನಾನು. ಕೇಳಬಾರದು.
ಕೇಳಿದರೆ ಕೈ ನಡುಗುತ್ತದೆ, ಅಂಕಿ ಕೆಡುತ್ತದೆ.

ಅಷ್ಟರಲ್ಲಿ ಬಾಯ್ಸಿ ಊರಿನವನೊಬ್ಬ
ಮಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಬಂದ.
'ಇದು ನಮ್ಮೆಲ್ಲರ ಕಾಡು ತಾನೆ?
ಇಳಿಯೋಕೆ ಜಾಗವೇ ಇಲ್ಲವಲ್ಲ,
ಸಾಲಾಗಿ ಇವರದೇ ಮೆಟ್ಟಿಲು.'
ಜಗಳ ಮಾಡುವ ದನಿಯಲ್ಲ. ಹುಡುಗಿಗೆ
ಉಚ್ಚೆಗೆ ಅವಸರವಾಗಿತ್ತು, ಅಷ್ಟೇ.
ಐಲಿ ಹಗ್ಗ ಎಸೆದಳು. ಹುಡುಗಿ ಓಡಿತು,
ನಾನು ಆಗಲೇ ಅಳಿಸಿದ್ದ ಪಾಯಿಖಾನೆಗೆ.

ಅವನ ಮಾತೂ ಸುಳ್ಳಲ್ಲ. ಬರೆದುಕೊಂಡೆ,
ಎಲ್ಲಿ ಎಂದು ತಿಳಿಯದೆ, ಅಂಚಿನಲ್ಲಿ.

ಸಹಿ ಹಾಕುವ ಮುಂಚೆ ಹಾಳೆ ಓದಿದಳು,
ಕನ್ನಡಕವನ್ನು ಹಣೆಗೇರಿಸಿ, ನಿಧಾನ.
'ಒರತೆ ಬಿಟ್ಟಿದ್ದೀರಿ.'
ಯಾವ ಒರತೆ?
'ಹಬೆಮನೆಯ ಹಿಂದೆ, ಜರೀಗಿಡದೊಳಗೆ.
ಜನವರಿಯಲ್ಲೂ ಹೆಪ್ಪುಗಟ್ಟುವುದಿಲ್ಲ.'
ಬರೆದರೆ ಬೆಲೆ ಏರುತ್ತದೆ, ಎಂದೆ.
ನನಗೆ ಅದು ಕಾಣದೆ ಇರಲಿಲ್ಲ.
ಅವಳಿಗೂ ಗೊತ್ತಾಗಿರಬೇಕು.

'ಮನೆ ಇಲ್ಲ ಅಂದುಕೊಂಡಿರಿ, ಸರಿ.
ಅದು ನಿಮ್ಮ ನಿಯಮ. ನೀರು
ಅಜ್ಜ ಬರುವ ಮುಂಚೆಯೂ ಇತ್ತು.
ಅದನ್ನೂ ಇಲ್ಲ ಅಂದುಕೊಂಡರೆ
ಆಮೇಲೆ ನಾನು ಕುಡಿಯುವುದು ಹೇಗೆ?'

ಬರೆದೆ: ಒರತೆ, ಒಂದು, ಸಹಜ.
ಬಾಡಿಗೆ ನಾನೂರು ಡಾಲರು ಏರಿತು.
ಅವಳು ಸಹಿ ಮಾಡಿ ಪೆನ್ನಿಗೆ ಮುಚ್ಚಳ ಹಾಕಿ ಕೊಟ್ಟಳು,
ಮಕ್ಕಳನ್ನು ಇಳಿಸಿ ಬಸ್ಸಿನ ಬಾಗಿಲು ಮುಚ್ಚುವವಳ ಹಾಗೆ.

ಏಳು ಮೈಲಿ ಮಣ್ಣು ರಸ್ತೆ ಕಳೆದು
ಟಾರು ಸಿಕ್ಕಾಗ ನೋಡಿದೆ,
ಪಕ್ಕದ ಸೀಟಿನಲ್ಲಿ ಅವಳ ಲೋಟ.
ತಳದಲ್ಲಿ ತಣ್ಣಗಾದ ಒಂದು ಗುಟುಕು.
ಗಾಡಿ ತಿರುಗಿಸಿದೆ.