ತೊಂಬತ್ತೆಂಟು ಗುಳಿಯ ಟ್ರೇ

ನನ್ನ ಬೆರಳಿಗೆ ಬೀಜದ ಲೆಕ್ಕ ಗೊತ್ತು.
ದಿನಕ್ಕೆ ನೂರಿಪ್ಪತ್ತು ಟ್ರೇ, ಟ್ರೇಗೆ ತೊಂಬತ್ತೆಂಟು ಗುಳಿ,
ಗುಳಿಗೊಂದು ಬೀಜ, ಮೇಲೊಂದು ಚಿಟಿಕೆ ನಾರಿನ ಪುಡಿ.
ಚಿಂತಾಮಣಿಯ ಸುತ್ತ ಯಾರ ಹೊಲದ ಟಮಾಟ ಕೆಂಪಾದರೂ
ಅದರ ಬಾಣಂತನದಲ್ಲಿ ನನ್ನದೂ ಒಂದು ಪಾಲು.

ಆದರೂ
ಇಪ್ಪತ್ತೆರಡು ದಿನ ಸಾಕಿ ಕಳಿಸಿದ ಯಾವ ಸಸಿಯ ಹಣ್ಣೂ
ನನ್ನ ಸಾರಿಗೆ ಹುಳಿ ಕೊಟ್ಟದ್ದಿಲ್ಲ.
ಲಾರಿಗೆ ಒಗ್ಗಿದ ಹಣ್ಣು,
ದೆಹಲಿವರೆಗೂ ನಿದ್ದೆ ಮಾಡಿಕೊಂಡು ಹೋಗುತ್ತದೆ,
ಕುದಿಯುವ ಪಾತ್ರೆಗೆ ಬಿದ್ದರೂ ಏಳುವುದಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ತಿರುಮಳಮ್ಮ ಅಂದಳು:
ರಾಮುಲಕಾಯಿ ಅಂತಿದ್ವಿ ನಾವು.
ಮೈತುಂಬ ಮಡಿಕೆ, ಕುಂಬಳದ ಮರಿ ಹಾಗೆ.
ಹಣ್ಣಾದರೂ ತೊಟ್ಟಿನ ಸುತ್ತ ಹಸಿರು ಬಿಡ್ತಿರಲಿಲ್ಲ.
ಎರಡು ಹಿಸುಕಿದರೆ ಮುಗೀತು,
ಹುಣಸೆಹಣ್ಣನ್ನು ಕೇಳೋರೇ ಇರಲಿಲ್ಲ.
ಅಷ್ಟೇ ಅಂದದ್ದು. ಉಂಡು, ಕೈ ತೊಳೆದು, ಎದ್ದುಹೋದಳು.
ನನಗೆ ಬಾಯಲ್ಲಿ ನೀರು, ತಲೆಯಲ್ಲಿ ಹುಳ.

ಜೋಡಿ ರಸ್ತೆಯ ಬೀಜದಂಗಡಿ ಹುಡುಗ
ನಂಬರ್ ಹೇಳಮ್ಮ ಅಂದ.
ನಂಬರಿಲ್ಲಪ್ಪ, ಮಡಿಕೆ ಇದೆ ಅಂದೆ.
ಅವನು ಪೊಟ್ಟಣಗಳನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ
ಫ್ರಿಜ್ಜಿನ ಬಾಗಿಲು ಹಾಕಿದ.
ಶ್ರೀನಿವಾಸಪುರದಲ್ಲಿ ಯಾರೋ ಇಟ್ಟಿದ್ದಾರಂತೆ ಅಂದರು.
ಇಟ್ಟಿದ್ದರು, ನಿಜ. ಆ ಗಡಿಗೆಗೆ ಇಲಿ ನನಗಿಂತ ಮೊದಲು ಬಂದಿತ್ತು.
ಬಟ್ಲಹಳ್ಳಿಯ ಚೌಡರೆಡ್ಡಿಯವರು ಹಗೇವಿನಿಂದ ಚಿನ್ನ ತೆಗೆದ ಹಾಗೆ
ಒಂದು ಹಿಡಿ ತಂದು ಅಂಗೈಗೆ ಸುರಿದರು.
ಸುರಿಯುವಾಗಲೇ ತಿಳಿಯಿತು, ನುಣುಪು.
ಟಮಾಟದ ಬೀಜಕ್ಕೆ ಬೂದು ತುಪ್ಪಳ ಇರಬೇಕು.
ಇದು ಬದನೆ ಅನ್ನಲು ಬಾಯಿ ಬರಲಿಲ್ಲ.
ಅವರ ಮುಖ ನೋಡಿ
ಸೆರಗಿಗೆ ಗಂಟು ಹಾಕಿಕೊಂಡು ಬಂದೆ.

ಸಿಕ್ಕಿದ್ದು ಹುಡುಕುವುದನ್ನು ಬಿಟ್ಟ ಮೇಲೆ.
ಮುರುಗಮಲ್ಲಾದಲ್ಲಿ ಬಸ್ಸು ತಪ್ಪಿತ್ತು,
ಬಳೆ ಮಾರುವ ಪ್ಯಾರಿಮಾಳ ಮನೆಯಲ್ಲಿ ನೀರು ಕೇಳಿದೆ.
ಬಚ್ಚಲ ಹಿಂದೆ, ಇದ್ದಿಲು, ಮುರಿದ ಬಳೆಚೂರುಗಳ ನಡುವೆ
ಆಧಾರಕ್ಕೆ ಒಂದು ಕಡ್ಡಿಯೂ ಇಲ್ಲದೆ ಅದು
ನೆಲದ ಮೇಲೆ ಕಾಲು ಚಾಚಿ ಕೂತಿತ್ತು.

ನಾನು ಯಾವತ್ತೂ ಬಿತ್ತಿಲ್ಲ, ಅಂದಳು ಪ್ಯಾರಿಮಾ.
ಪಾತ್ರೆ ತೊಳೆದ ನೀರು ಕುಡಿಯುತ್ತೆ, ಬೂದಿ ತಿನ್ನುತ್ತೆ,
ತಾನೇ ಉದುರುತ್ತೆ, ತಾನೇ ಬರುತ್ತೆ.
ನಮ್ಮತ್ತೆ ಕಾಲದಿಂದ ಬಾಡಿಗೆ ಕೊಡದೆ ಇದೆ.
ಬಗ್ಗಿ ಹುಡುಕಿ ಒಂದು ಹಣ್ಣು ಕೊಟ್ಟಳು, ಅರ್ಧ ಕಾಗೆ ತಿಂದದ್ದು.
ಚೆನ್ನಾಗಿರೋವು ಕೊಡಲ್ಲ, ಸಂಜೆ ಸಾರಿಗೆ ಬೇಕು.
ಬೀಜಕ್ಕೆ ಇದೇ ಸರಿ, ಕಾಗೆ ರುಚಿ ನೋಡಿ ಪಾಸು ಮಾಡಿದೆ.

ಮೂರು ದಿನ ಲೋಟದಲ್ಲಿ ಹುಳಿಯಲು ಬಿಟ್ಟೆ.
ಮೇಲೆ ಬೂಸ್ಟು, ಮನೆತುಂಬ ನಾತ.
ಗಂಡ ಏನೂ ಕೇಳದೆ ಕಿಟಕಿ ತೆಗೆದ.
ತೊಳೆದು, ಮಾರ್ಕೆಟ್ಟಿನ ಹಳೇ ರಸೀದಿಯ ಬೆನ್ನಿಗೆ ಹರಡಿ ಒಣಗಿಸಿದೆ.
ಬಾಕ್ಸಿಗೆ ನಲವತ್ತು ರೂಪಾಯಿ ಅಂತಿತ್ತು ಅದರ ಮುಖದಲ್ಲಿ.
ಬೆನ್ನಲ್ಲಿ ಅರವತ್ತೊಂದು ಬೀಜ.

ಅರವತ್ತೊಂದು ಗುಳಿ ತುಂಬಿದವು.
ಮಿಕ್ಕ ಮೂವತ್ತೇಳು ಯಾಕೆ ಖಾಲಿ, ಓನರು ಕೇಳಿದರು,
ಇದು ಯಾರ ಆರ್ಡರು, ಯಾವ ವೆರೈಟಿ?
ಪ್ರತಿ ಟ್ರೇಗೂ ಒಂದು ಕಡ್ಡಿ, ಕಡ್ಡಿಗೊಂದು ಹೆಸರು, ಅದು ನಮ್ಮಲ್ಲಿ ಕಾನೂನು.
ಪೆನ್ನು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.
ಆಮೇಲೆ ಬರೆದೆ:
ಪ್ಯಾರಿಮಾ ಬಚ್ಚಲು.

ಇವತ್ತಿಗೆ ಒಂಬತ್ತನೇ ದಿನ.
ನಲವತ್ತಮೂರು ಕತ್ತೆತ್ತಿವೆ, ಕೆಲವು ಬೀಜದ ಸಿಪ್ಪೆಯನ್ನು
ಟೋಪಿ ಹಾಗೆ ಹಾಕಿಕೊಂಡೇ.
ಮಡಿಕೆ ಬರುತ್ತದೋ,
ಆ ಹಿತ್ತಿಲಿಗೆ ಪಕ್ಕದ ಹೊಲದ ಜೇನು ಏನು ತಂದು ಬೆರೆಸಿದೆಯೋ,
ಎಲೆ ನೋಡಿ ಹೇಳುವ ಹಾಗಿಲ್ಲ.
ಒಂದನ್ನು ಮೆಲ್ಲಗೆ ಸವರಿ
ಬೆರಳನ್ನು ತಿರುಮಳಮ್ಮನ ಮೂಗಿಗೆ ಹಿಡಿದೆ.
ಅವಳು ಏನೂ ಅನ್ನಲಿಲ್ಲ.
ನನ್ನ ಕೈ ಹಿಡಿದು ಇನ್ನೊಮ್ಮೆ ಮೂಸಿದಳು.

ಹುಣಸೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ.
ತೀರಾ ಒಳಗಲ್ಲ.
ಕೈಚಾಚಿದರೆ ಸಿಗುವಷ್ಟು ಅಂಚಿಗೆ.