ನೂರಿಪ್ಪತ್ತು ಎಡಗಾಲು

ಆ ದಿನ ಪ್ಯಾಟರ್ನ್ ತಿರುವಿ ಹಾಕೋದು ಮರೆತೆ.
ಕೌಲ್ ಬಜಾರಿನ ಕಟಿಂಗ್ ಟೇಬಲ್ಲಿನ ಮೇಲೆ
ಅರವತ್ತು ಜೀನ್ಸಿಗೆ ನೂರಿಪ್ಪತ್ತೂ ಎಡಗಾಲು.
ಸೇಟು ಬೈಯಲಿಲ್ಲ. ಒಂದು ಕಾಲೆತ್ತಿ ಮುಖದೆದುರು ಹಿಡಿದ:
"ಇದನ್ನ ತೊಡೋ ಮನುಷ್ಯನ್ನ ಹುಡುಕ್ಕೊಂಡು ಬಾ, ಎರ್ರಿಸ್ವಾಮಿ."
ಎಲ್ಲರೂ ನಕ್ಕರು. ತೆಲುಗಿನಲ್ಲಿ ಎರ್ರಿ ಅಂದರೆ ಏನಂತ
ಬಳ್ಳಾರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಡಾಕ್ಟರ ಹತ್ತಿರ ಹೋದದ್ದು ನನಗಾಗಿ ಅಲ್ಲ, ಮಗಳಿಗಾಗಿ.
ಟೀಚರು ಚೀಟಿ ಬರೆದಿದ್ದರು: ಕೂತಲ್ಲಿ ಕೂರುವುದಿಲ್ಲ.
ಮಗುವಿಗೆ ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಟ್ಟೆ,
ಪ್ರಶ್ನೆ ಮುಗಿಯುವ ಮುಂಚೆ.
ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕನ್ನಡಕದ ಮೇಲಿಂದ ನೋಡಿ
"ಮೊದಲು ನೀವು ಕೂತ್ಕೊಳ್ರಿ" ಅಂದರು.
ನಾನು ನಿಂತಿದ್ದೆ ಅಂತ ನನಗೆ ಗೊತ್ತಾದದ್ದು ಆಗಲೇ.

ನಲವತ್ತೊಂದನೇ ವರ್ಷಕ್ಕೆ ನನ್ನ ಮರೆವಿಗೆ, ಮಂಗಾಟಕ್ಕೆ
ಇಂಗ್ಲಿಷಿನ ನಾಲ್ಕು ಅಕ್ಷರ, ಎರಡು ಮಾತ್ರೆ.
"ಒಂದಾದ ಮೇಲೆ ಒಂದು ನೋಡೋಣ. ಬರೆದಿಡ್ರಿ."
ಅಳತೆ ಪುಸ್ತಕದಲ್ಲಿ, ಸೊಂಟ ಮೂವತ್ತೆರಡರ ಪಕ್ಕ, ಬರೆದಿಟ್ಟೆ.

ಮೊದಲನೆಯದು ಮೀಥೈಲ್‌ಫೆನಿಡೇಟ್.
ನುಂಗಿ ಒಂದು ತಾಸು. ಬಟ್ಟೆಯ ಮೇಲಿನ ಗೆರೆ ಇದ್ದಲ್ಲೇ ಇತ್ತು.
ಹನ್ನೆರಡು ಮಷೀನು ಹನ್ನೆರಡು ಕಡೆಯಿಂದ
ಇಷ್ಟು ವರ್ಷ ಕರೆಯುತ್ತಿದ್ದವು;
ಅವತ್ತು ಒಂದೂ ನನ್ನ ಹೆಸರು ಕೂಗಲಿಲ್ಲ.
ಕತ್ತರಿ ಹೋಯಿತು, ಹೋಯಿತು, ಮುಗಿಯಿತು.
ಅಷ್ಟೇನಾ? ಉಳಿದವರೆಲ್ಲ ಹೀಗೇ ಬದುಕುತ್ತಿದ್ದರಾ?
ಹಿತ್ತಲ ಪಾಯಖಾನೆಗೆ ಹೋಗಿ ಅತ್ತೆ. ಅದನ್ನು ಬರೆದಿಡಲಿಲ್ಲ.

ಬರೆದದ್ದು ಇದು:
ಒಗ್ಗರಣಿ, ಮಿರ್ಚಿ ಪೇಪರಿನಲ್ಲೇ ಮೆತ್ತಗಾದವು.
ನನ್ನದೇ ಪ್ಯಾಂಟಿನ ಸೊಂಟ ಎರಡಿಂಚು ಹಿಡಿದೆ.
ಎದೆಯೊಳಗೆ ಓವರ್‌ಲಾಕ್ ಮಷೀನು.
ಸಂಜೆ ಆರಕ್ಕೆ, ಕರೆಂಟು ಹೋದ ಹಾಗೆ, ಹೋಗಿಬಿಡುತ್ತದೆ;
ಏಳಕ್ಕೆ ಪಂಪಾವತಿ ಉಪ್ಪು ಸಾಕಾ ಅಂದರೆ ಸಿಡುಕುತ್ತೇನೆ.
ಸೇಟಿಗೆ ಸಿಕ್ಕ ಗಂಡಸು ಅವಳಿಗೆ ಸಿಕ್ಕಲಿಲ್ಲ.
ಮೇಲಾಗಿ, ಅಂಗಡಿಯಲ್ಲಿ ಇರೋದಿಲ್ಲ.
ಔಷಧಿ ಅಂಗಡಿಯ ಹುಡುಗ ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾನೆ
ಖೋಟಾ ನೋಟಿನ ಹಾಗೆ. ಆಮೇಲೆ ನನ್ನನ್ನು.

ಎರಡನೆಯದು ಅಟೊಮಾಕ್ಸೆಟಿನ್. ಇದಕ್ಕೆ ಅವಸರವಿಲ್ಲ.
ಮೊದಲ ವಾರ ಹೊಟ್ಟೆ ತೊಳಸು, ಬಾಯಿ ಬೇಸಿಗೆಯ ಹಗರಿ ಹೊಳೆ.
ಎರಡನೇ ವಾರ ಬಟ್ಟೆಯ ರಾಶಿಗೊರಗಿ ತೂಕಡಿಕೆ.
ಮೂರು: ಏನೂ ಇಲ್ಲ. ನಾಲ್ಕು: ಏನೂ ಇಲ್ಲ, ದುಡ್ಡು ದಂಡ.
ಐದನೇ ವಾರ ಬರೆಯಲು ಮರೆತೆ.
ಆರರಲ್ಲಿ ಒಂದು ರಾತ್ರಿ ಪಂಪಾವತಿ
ತನ್ನಕ್ಕ ನಳದ ಹತ್ತಿರ ಆಡಿದ ಜಗಳ ಹೇಳುತ್ತಿದ್ದಳು,
ಉದ್ದದ ಕಥೆ, ನಡುವೆ ಮೂರು ಕೊಡ, ಒಬ್ಬ ಮೈದುನ;
ಕೊನೆಗೆ ಬಂದಾಗ ತಾನೇ ನಿಲ್ಲಿಸಿ
"ನೀವಿನ್ನೂ ಇಲ್ಲೇ ಅದೀರಾ?" ಅಂದಳು.
ಇದ್ದೆ.

ಆದರೂ ಕತ್ತರಿ ಮೊದಲಿನಷ್ಟು ನೇರ ಓಡೋದಿಲ್ಲ.
ಮಧ್ಯಾಹ್ನ ಕೋಟೆ ಗುಡ್ಡದ ಬಂಡೆ ಕಣ್ಣನ್ನು ಎಳೆದುಕೊಳ್ಳುತ್ತದೆ.
ಸೀಮೆಸುಣ್ಣ ಕಿವಿ ಮೇಲೆ ಸಿಕ್ಕಿಸಿಕೊಂಡು
ಅದನ್ನೇ ಎಲ್ಲರನ್ನೂ ಕೇಳುತ್ತೇನೆ.
ಸೋಮವಾರ ಡಾಕ್ಟರಮ್ಮ ಕೇಳುತ್ತಾರೆ: ಯಾವುದು?
ಎರಡನ್ನೂ ತೊಟ್ಟು ನೋಡಿದೆ. ಒಂದು ಬಿಗಿ, ಒಂದು ಸಡಿಲ.
ಆಲ್ಟರ್ ಮಾಡೋಕಾಗುತ್ತಾ ಅಂತ ಕೇಳಬೇಕು.

ಎಡಗಾಲುಗಳ ಲೆಕ್ಕ ಸೇಟು ಸಂಬಳದಲ್ಲಿ ಮುರಿದುಕೊಂಡ.
ಪಂಪಾವತಿ ಅವನ್ನೆಲ್ಲ ಚೀಲ ಹೊಲಿದಳು;
ನಮ್ಮ ಓಣಿಯ ಹುಡುಗರು ನನ್ನ ತಪ್ಪಿನೊಳಗೆ
ಪುಸ್ತಕ ತುಂಬಿಕೊಂಡು ಶಾಲೆಗೆ ಹೋಗುತ್ತಾರೆ.
ಮಗಳ ಚೀಲಕ್ಕೆ ಮಾತ್ರ ಹೊರಗಿರಬೇಕಾದ ಜೇಬು ಒಳಗಿದೆ.
ನಾನೇ ಹಚ್ಚಿದ್ದು, ಯಾವ ಮಾತ್ರೆಯೂ ಇಲ್ಲದ ದಿನ.
ಬಿಚ್ಚಿ ಸರಿ ಮಾಡ್ತೀನಿ ಕೊಡೇ ಅಂದರೆ ಕೊಡೋದಿಲ್ಲ.
ಅದರಲ್ಲಿ ಏನೋ ಬಚ್ಚಿಟ್ಟಿದ್ದಾಳಂತೆ.
ಏನಂತ ಕೇಳಿದರೆ, ತುಸು ಹೊತ್ತು ಫ್ಯಾನು ನೋಡಿ,
ಮರೆತೆ, ಅನ್ನುತ್ತಾಳೆ.